ಹದ್ದಿನಗುಡ್ಡಕ್ಕೆ ಇಟ್ಟ ಗುರಿ

ಟಿಪ್ಪರ್ ಮತ್ತೆ ಗುದ್ದಿತು!

ನನ್ನ ಹಳೇ ಜೀಪಿನ ಹಿಂಭಾಗ ನಜ್ಜುಗುಜ್ಜು. ಗಾಜಿನ ಚೂರುಗಳು ಕಾಲರ್ ಒಳಗೆ ಇಳಿದವು.

"ತಲೆ ಬಗ್ಗಿಸ್ರಿ ಮೇಡಂ!" ಅಂತ ಕಿರುಚಿದೆ.

ಪಕ್ಕದ ಸೀಟಲ್ಲಿದ್ದ ಡಾಕ್ಟರ್ ನೇತ್ರಾವತಿ ಬಗ್ಗಲಿಲ್ಲ. ವಾಚ್ ನೋಡ್ಕೊಂಡ್ರು.

"ಆಫೀಸರ್ ಬರೋ ಹೊತ್ತಾಯ್ತು ಶಾಕಿರ್. ಇನ್ನೂ ಜೋರಾಗಿ ಹೋಗಲ್ವಾ ಇದು?"

ಎಂಥ ಹೆಂಗಸು ಸಾರ್!

ಡಾಕ್ಟರ್ ಅಂದ್ರೆ ಸೂಜಿ ಚುಚ್ಚೋ ಡಾಕ್ಟರ್ ಅಲ್ಲ. ಮಣ್ಣು ಅಗೆಯೋ ಡಾಕ್ಟರ್. ಹಿರಿಯೂರು ತಾಲ್ಲೂಕು, ಹರಿಯಬ್ಬೆ ಆಚೆ ಹದ್ದಿನಗುಡ್ಡ ಅಂತ ಐತೆ. ಅದರ ನೆತ್ತಿ ಮೇಲೆ ಸೂರಿನ ಥರ ಮುಂದಕ್ಕೆ ಬಂದ ಒಂದು ಚಾಚುಬಂಡೆ. ಊರು, ಹೊಲ, ಕುರಿ ಯಾವುದೂ ಇಲ್ಲದ ಕಾಲದಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಕಿತ್ತು ತಿಂತಿದ್ದ ಜನ ಆ ಬಂಡೆ ಕೆಳಗೆ ಬೆಂಕಿ ಹಾಕ್ಕೊಂಡು ಕೂರ್ತಿದ್ರಂತೆ. ಉಗುರಿನಷ್ಟು ಸಣ್ಣ ಕಲ್ಲಿನ ಅಲಗು ಮಾಡಿ ಬಾಣಕ್ಕೆ ಸಿಗಿಸ್ತಿದ್ರಂತೆ. ಮೇಡಂ ಅರ್ಧ ಆಯಸ್ಸು ಅಲ್ಲೇ ಕೂತು, ಬ್ರಷ್ ಹಿಡಿದು, ಒಂದು ಮೂಲೆ ಮಾತ್ರ ಅಗೆದಿದ್ರು. ಅಷ್ಟಕ್ಕೇ ದೊಡ್ಡ ಹೆಸರು! ಲಂಡನ್ನು, ಟೋಕಿಯೊ... ಬೇಟೆಗಾರರ ಬಗ್ಗೆ ಯಾರು ಏನೇ ಬರೆದ್ರೂ ಕೆಳಗೆ ಮೇಡಂ ಲೇಖನದ ಉಲ್ಲೇಖ ಇರ್ಲೇಬೇಕು.

ಆ ಗುಡ್ಡ ಈಗ ಕ್ರಷರ್ ಉಗ್ರಪ್ಪನ ಕಣ್ಣಿಗೆ ಬಿದ್ದಿತ್ತು. ಜಲ್ಲಿ ಮಾಡೋಕೆ.

ಮೇಡಂ ಸುಮ್ನಿರ್ಲಿಲ್ಲ. ಅಲೆದೂ ಅಲೆದೂ ಬೆಂಗಳೂರಿನ ಪುರಾತತ್ವ ಇಲಾಖೆಯ ಒಬ್ಬ ಆಫೀಸರ್‌ನ ಒಪ್ಪಿಸಿದ್ರು. ಆತ ಖುದ್ದಾಗಿ ಜಾಗ ನೋಡಿ ಹೂಂ ಅಂದ್ರೆ ಗುಡ್ಡ ಉಳಿಯುತ್ತೆ. ಅಷ್ಟರಲ್ಲಿ ಬೆದರಿಕೆ ಫೋನ್ ಶುರುವಾಯ್ತು. ನಾನು ಪೊಲೀಸ್ ಕೆಲಸ ಬಿಟ್ಟವನು. ದುರ್ಗದಲ್ಲಿ ಹೆದರಿದವರ ಬೆನ್ನು ಕಾಯೋದು ನನ್ನ ಕಸುಬು. ಮೇಡಂ ನನ್ನ ಹುಡುಕ್ಕೊಂಡು ಬಂದ್ರು.

"ಗುಡ್ಡದ ತನಕ ಜೀವಂತ ಕರ್ಕೊಂಡು ಹೋಗಿ. ಸಾಕು."

ಅಷ್ಟೇ ಕೆಲಸ!

ಧಡ್! ಉಗ್ರಪ್ಪನ ಟಿಪ್ಪರ್ ಇನ್ನೊಂದು ಗುದ್ದು ಕೊಡ್ತು.

ಮುಂದೆ ರಸ್ತೆ ತುಂಬ ಕುರಿ ಮಂದೆ. ಬ್ರೇಕ್ ಹಾಕಿದ್ರೆ ನಾವು ಹಪ್ಪಳ!

ಸ್ಟೇರಿಂಗ್ ಎಡಕ್ಕೆ ಎಳೆದೆ. ಜೀಪು ಜಾಲಿಮುಳ್ಳು ಸೀಳ್ಕೊಂಡು ಒಣಹಳ್ಳಕ್ಕೆ ಹಾರಿತು. ಟಿಪ್ಪರ್‌ನವನು ಬ್ರೇಕ್ ತುಳಿದ. ತಡವಾಗಿತ್ತು. ಹಾರ್ನ್... ಕುರಿಗಳ ಅರಚಾಟ... "ಅಯ್ಯೋ ನನ್ ಮರಿಗ್ಳು!" ಅಂತ ಯಾವನೋ ಮುದುಕನ ಕೂಗು...

ನಾನು ಹಿಂದೆ ತಿರುಗಿ ನೋಡ್ಲಿಲ್ಲ. ಮೇಡಂ ನೋಡಿದ್ರು. ಹಳ್ಳದ ದಾರೀಲೇ ಗುಡ್ಡದ ಬುಡ ಸೇರಿದ್ವಿ.

ಅಲ್ಲಿ ಉಗ್ರಪ್ಪ ಬೇವಿನ ಮರದ ನೆರಳಲ್ಲಿ ಚೇರ್ ಹಾಕ್ಕೊಂಡು ಕಲ್ಲಂಗಡಿ ತಿಂತಾ ಕೂತಿದ್ದ. ಸುತ್ತ ಅವನ ಆಳುಗಳು.

"ಬರ್ರಿ ಮೇಡಂನೋರೆ. ಸಾಬ್ರೆ, ಕುಂತ್ಕಳ್ರಿ. ಒಂದ್ ಹೋಳ್ ತಿನ್ರಿ."

"ಆಫೀಸರ್ ಎಲ್ಲಿ?" ಅಂದೆ.

"ಹಿರಿಯೂರಾಗೆ ಊಟ ಮಾಡ್ತಾವ್ರೆ. ನಮ್ ಕಾರಲ್ಲೇ ಬರ್ತಾರೆ."

"ದಾರಿ ಬಿಡು. ಮೇಡಂ ಮೇಲೆ ಹೋಗ್ಬೇಕು."

"ಹೋಗ್ಲಿ! ಯಾರ್ ಬ್ಯಾಡ ಅಂದ್ರು? ವಸಿ ತಡ್ಕಳ್ರಿ ಅಷ್ಟೇ..."

ಸೈರನ್ ಕೂಗಿತು.

ಕ್ವಾರಿ ಸೀಮೆಯವನು ನಾನು. ಆ ಸೈರನ್ ಯಾಕೆ ಅಂತ ಗೊತ್ತು. ಮೇಡಂಗೂ ಗೊತ್ತಾಯ್ತು. ಗುಡ್ಡದ ಕಡೆ ಓಡಿದ್ರು! ಬೆನ್ನಟ್ಟಿ ಹಿಡಿದು ನೆಲಕ್ಕೆ ಕೆಡವಿದೆ.

"ಬಿಡಿ ನನ್ನ! ಶಾಕಿರ್, ಬಿಡ್ರೀ!"

ಗುಡ್ಡ ಸಿಡಿಯಿತು.

ಕಿವಿ ಕಿವುಡಾಯ್ತು. ಹೊತ್ತು ನೆತ್ತಿ ಮೇಲಿದ್ರೂ ಕತ್ತಲೆ. ದೂಳು ಇಳಿದಾಗ ನೆತ್ತಿ ಇರಲಿಲ್ಲ. ಚಾಚುಬಂಡೆ ಇರಲಿಲ್ಲ.

ಮೇಡಂ ಎದ್ದು ನಿಂತ್ರು. ಅಳಲಿಲ್ಲ.

"ಇಷ್ಟು ದೊಡ್ಡ ಗುಡ್ಡ. ಸರಿಯಾಗಿ ಅಲ್ಲೇ ಹೇಗೆ ಸಿಡಿಮದ್ದು ಇಟ್ಟೆ?"

ಉಗ್ರಪ್ಪ ಬೀಜ ಉಗಿದ.

"ನೀವೇ ಬರೆದಿದ್ರಲ್ಲ ಮೇಡಂನೋರೆ! ಇಂಟರ್‌ನೆಟ್ಟಾಗೆ ಐತೆ, ನಕ್ಷೆ ಸಮೇತ. ನಮ್ ಇಂಜಿನಿಯರ್ ಓದಿ ಹೇಳ್ದ. ಬಾಳ ಅನುಕೂಲ ಆತು."

ಅವನ ಮೂತಿಗೆ ಗುದ್ದಿದೆ. ಹಲ್ಲು ಉದುರಿತು. ಅವನ ಆಳುಗಳು ರಾಡ್ ತಗೊಂಡ್ರು. ನನ್ನ ಪಕ್ಕೆಲುಬು ಮುರೀತು.

ಆಫೀಸರ್ ಬಂದಾಗ ನಾನು ನೆಲದ ಮೇಲಿದ್ದೆ. ಆತ ಮೂಗಿಗೆ ಕರ್ಚೀಫ್ ಹಿಡ್ಕೊಂಡು ಸುತ್ತ ನೋಡಿದ.

"ಎಲ್ಲಿ ಮೇಡಂ, ನಿಮ್ಮ ಜಾಗ?"

ಮೇಡಂ ಕಲ್ಲುರಾಶಿ ಕಡೆ ಕೈ ತೋರಿಸಿದ್ರು.

"ಇಲ್ಲಿ ಉಳಿಸೋಕೆ ಏನೂ ಇಲ್ವಲ್ರೀ..."

ಅಷ್ಟು ಹೇಳಿ ಕಾರು ಹತ್ತಿದ. ನನ್ನ ಕಂಪ್ಲೇಂಟು 'ಟಿಪ್ಪರ್ ಬ್ರೇಕ್ ಫೇಲ್' ಅಂತ ಮುಗೀತು.

ಪಕ್ಕೆ ವಾಸಿಯಾಗೋ ಹೊತ್ತಿಗೆ ಮೇಡಂ ಒಂದು ಮಧ್ಯಾಹ್ನ ನನ್ನ ಆಫೀಸಿಗೆ ಬಂದ್ರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಹೊರದೇಶದ ಒಬ್ಬ ಪ್ರೊಫೆಸರ್, ಆ ಬೇಟೆಗಾರರ ಬಗ್ಗೆ ನನ್ನ ಕಾಲನಿರ್ಣಯವೇ ತಪ್ಪು ಅಂತ ಬರೆದಿದ್ದಾರೆ ಶಾಕಿರ್. ಮತ್ತೆ ಅಗೆದು ತೋರಿಸಬೇಕಂತೆ."

"ಎಲ್ಲಿ ಅಗೆಯೋದು?"

"ಅದೇ..."

ಮೇಡಂ ಬ್ಯಾಗಿಂದ ಒಂದು ಕಾಗದ ತೆಗೆದು ಟೇಬಲ್ ಮೇಲಿಟ್ರು.

"ಉಗ್ರಪ್ಪಗೆ ಪೂರ್ತಿ ಗುಡ್ಡಕ್ಕೆ ಪರ್ಮಿಶನ್ ಸಿಕ್ತು. ಅವನ ಅರ್ಜೀಲೂ ನನ್ನ ಲೇಖನದ ಉಲ್ಲೇಖ ಇದೆ. 'ಇಲ್ಲಿನ ಸಂಶೋಧನೆ ಈಗಾಗಲೇ ಮುಗಿದಿದೆ' ಅಂತ. ನನ್ನ ಹೆಸರು, ಪುಟ... ಒಂದಕ್ಷರ ತಪ್ಪಿಲ್ಲ."

ನಾನು ಟೀ ತರಿಸಿದೆ. ಮೇಡಂ ಟೀ ಕುಡೀದೇ ಎದ್ದು ಹೋದ್ರು.

ನೋಡಿ ಸಾರ್, ಲೋಕದ ಪ್ರೊಫೆಸರ್‌ಗಳೆಲ್ಲ ಆ ಲೇಖನದ ಮೇಲೆ ಇನ್ನೂ ವಾದ ಮಾಡ್ತಾನೇ ಅವ್ರೆ. ಅದನ್ನ ಕಣ್ಣು ಮುಚ್ಕೊಂಡು ನಂಬಿದವನು ಉಗ್ರಪ್ಪ ಒಬ್ಬನೇ!