ಹೆಸ್ಟರಳ ಕೊನೆಯ ಒಂಬತ್ತು ನಿಮಿಷ

ಸೋಮವಾರ ಬೆಳಗ್ಗೆ ಒಂಬತ್ತೂಕಾಲಿಗೆ ನೆಲಮಾಳಿಗೆಯ ಯಂತ್ರದಲ್ಲಿ ಟೇಪ್ ಓಡಿತು. ಪರದೆಯ ಮೇಲೆ ಏನೂ ಬರಲಿಲ್ಲ.

ಎಂಜಿನಿಯರ್ ಮ್ಯಾನಿ ಮುಂದಕ್ಕೆ ಓಡಿಸಿದ. ಬೂದು ಚುಕ್ಕೆಗಳು. ಇನ್ನೂ ಮುಂದಕ್ಕೆ ಓಡಿಸಿದ. ಅದೇ ಬೂದು, ಅದೇ ಸುಯ್ ಎಂಬ ಸದ್ದು. ಅವನು ಡಬ್ಬಿಯ ಮೇಲಿನ ಚೀಟಿ ಓದಿದ— ‘ಮೇಪಲ್ ಲ್ಯಾಂಡಿಂಗ್’, ಶುಕ್ರವಾರದ ಕಂತು. ಚೀಟಿ ಸರಿಯಾಗಿತ್ತು.

“ಅಳಿಸಿಬಿಟ್ಟಿದ್ದೀಯಲ್ಲೋ ಡೆನಿಸ್,” ಎಂದ.

ಟೇಪ್ ಉಗ್ರಾಣದ ಡೆನಿಸ್ ಮೆಕ್‌ನಲ್ಟಿ ಬಾಗಿಲಲ್ಲೇ ನಿಂತಿದ್ದ. “ನಾನಾ? ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಅಳಿಸೋ ಟೇಪ್ ಅದು. ಅದಕ್ಕೆ ಮುಂಚೆ ನಾನ್ಯಾಕೆ ಮುಟ್ಲಿ?”

“ಯಂತ್ರಕ್ಕೇನು ನಿನ್ನ ಮೇಲೆ ದ್ವೇಷವಾ?”

ನಾನು ಟೇಪ್ ತರಲೆಂದು ಕೆಳಗೆ ಹೋದವಳು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಆಗ ನಾನು ಕಾಲೇಜು ಮುಗಿಸಿ ಒಂದು ವರ್ಷವಾಗಿತ್ತು. ನಮ್ಮ ವಾಹಿನಿಯಲ್ಲಿ ಹಗಲು ಕಾರ್ಯಕ್ರಮಗಳ ಮುಖ್ಯಸ್ಥೆಯಾಗಿದ್ದ ಮಿಸೆಸ್ ಥೆಡಾ ಕರ್ಶ್ನರ್ ಅವರ ಕಾರ್ಯದರ್ಶಿ. ಅದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಅಕ್ಟೋಬರ್. ಆ ವರ್ಷದ ನನ್ನ ದಿನಚರಿ ಇನ್ನೂ ನನ್ನ ಬಳಿ ಇದೆ. ನೆನಪು ತಪ್ಪಿದ ಕಡೆ ಅದನ್ನೇ ನೋಡಿ ಬರೆಯುತ್ತಿದ್ದೇನೆ.

ಸಾಮಾನ್ಯ ವಾರವಾಗಿದ್ದರೆ ಆ ಟೇಪ್ ಯಾರಿಗೂ ಬೇಕಾಗುತ್ತಿರಲಿಲ್ಲ. ಧಾರಾವಾಹಿ ಒಮ್ಮೆ ಪ್ರಸಾರವಾದರೆ ಮುಗಿಯಿತು; ಮುಂದಿನ ಕೆಲಸದ ದಿನ ಹನ್ನೆರಡಕ್ಕೆ ಅದನ್ನು ಅಳಿಸಿ, ಅದೇ ಟೇಪಿನ ಮೇಲೆ ಮುಂದಿನ ಕಂತು. ಆದರೆ ಆ ಶುಕ್ರವಾರ ಹೆಸ್ಟರ್ ಊರು ಬಿಡುವ ದಿನ. ಹತ್ತೊಂಬತ್ತು ವರ್ಷ ಮೇಪಲ್ ಲ್ಯಾಂಡಿಂಗಿನ ಬೇಕರಿ ನಡೆಸಿದ ಹೆಸ್ಟರ್ ಬಾಗಿಲಿಗೆ ಬೀಗ ಹಾಕಿ, ಮಗಳ ಕೈಗೆ ಬೀಗದಕೈ ಕೊಟ್ಟು ಹೊರಡಬೇಕು. ಅವಳು ಬೀಗ ಎತ್ತಿಕೊಂಡಳು. ಆಗಲೇ ವಾಷಿಂಗ್ಟನ್ನಿನಿಂದ ವಿಶೇಷ ವಾರ್ತೆ ಅಡ್ಡ ಬಂತು. ಕೊನೆಯ ಒಂಬತ್ತು ನಿಮಿಷವನ್ನು ದೇಶದಲ್ಲಿ ಯಾರೂ ನೋಡಲಿಲ್ಲ.

ಹೆಂಗಸರು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಫೋನ್ ಎತ್ತಿದರು. ಸಂಜೆಯೊಳಗೆ ಎರಡು ಸಾವಿರ ಕರೆ. ಭಾನುವಾರ ರಾತ್ರಿ ವಾಹಿನಿಯ ಅಧ್ಯಕ್ಷರು ಒಪ್ಪಿದರು— ಮಂಗಳವಾರ ಆ ಕಂತನ್ನು ಮತ್ತೆ ಹಾಕಿ.

ಹಾಕಲು ಟೇಪೇ ಇರಲಿಲ್ಲ.

“ಕೊರಿನ್, ಅದನ್ನ ಮೇಲೆ ತಗೊಂಬಾ,” ಎಂದು ಮಿಸೆಸ್ ಕರ್ಶ್ನರ್ ಫೋನಿನಲ್ಲಿ ಹೇಳಿದರು. “ಡಬ್ಬಿ ಬೇಡ. ಟೇಪ್ ಮಾತ್ರ. ಡೆನಿಸ್ ಕೈಗೆ ಕೊಡ್ಬೇಡ ಅಂತ ಮೇಲಿನವರ ಅಪ್ಪಣೆ.”

ಎರಡು ಅಂಗುಲ ಅಗಲದ ಟೇಪು. ಸುರುಳಿ ವರ್ಷದ ಮಗುವಿನಷ್ಟು ಭಾರ. ಎದೆಗವುಚಿಕೊಂಡು ಹನ್ನೊಂದನೇ ಮಹಡಿಗೆ ತಂದೆ. ಲಿಫ್ಟ್ ತುಂಬ ಜನ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನಿಸಿ ನನ್ನ ಬಿಳಿ ಬ್ಲೌಸಿನ ಗುಂಡಿಗಳನ್ನೇ ನೋಡುತ್ತ ನಿಂತಿದ್ದೆ.

ಕೋಣೆಯಲ್ಲಿ ಮಿಸೆಸ್ ಕರ್ಶ್ನರ್ ಜೊತೆ ಅವರ ಸಹಾಯಕ ಅಧಿಕಾರಿ ವಾರನ್ ಲಿಂಡ್‌ಕ್ವಿಸ್ಟ್ ಇದ್ದರು. ವಯಸ್ಸು ಮೂವತ್ತೊಂದು. ವೀಕ್ಷಕರ ಅಂಕಿಗಳನ್ನು ನೋಡಿ ಯಾವ ಪಾತ್ರ ಇರಬೇಕು, ಯಾವುದು ಹೋಗಬೇಕು ಎಂದು ವರದಿ ಬರೆಯುವವರು. ಹೆಸ್ಟರ್‌ಗೆ ವಯಸ್ಸಾಯಿತು, ಎಳೆಯ ಗೃಹಿಣಿಯರು ಅವಳನ್ನು ನೋಡುವುದಿಲ್ಲ ಎಂದು ಬರೆದವರೂ, ಟೇಪ್ ಅಳಿಸುವ ನಿಯಮ ಮಾಡಿದವರೂ ಅವರೇ.

“ಮೇಲೆ ಏನಂದ್ರು?” ಎಂದು ಮಿಸೆಸ್ ಕರ್ಶ್ನರ್ ಕೇಳಿದರು.

“ಐದು ಗಂಟೆಗೆ ಡೆನಿಸ್‌ನ ಕೆಲಸದಿಂದ ತೆಗೀತಾರಂತೆ,” ಎಂದರು ವಾರನ್. ಮುಖ ಬಿಳಿಚಿತ್ತು. “ಪತ್ರಿಕೆಯವರಿಗೆ ಒಂದು ಹೆಸರು ಬೇಕಲ್ಲ.”

“ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಮನುಷ್ಯ.”

“ನಾನೇನು ಮಾಡ್ಲಿ, ಥೆಡಾ? ಟೇಪ್ ಅಳಿಸಿದೆ. ಅಳಿಸೋ ಕೆಲಸ ಅವನದು.”

ಮಿಸೆಸ್ ಕರ್ಶ್ನರ್ ರೇಡಿಯೊ ಕಾಲದಿಂದ ಧಾರಾವಾಹಿಗಳನ್ನು ನೋಡಿಕೊಂಡು ಬಂದವರು. ಮೂರು ವಾಹಿನಿಗಳ ಮೂರು ಟೀವಿಗಳನ್ನು ಎದುರಿಗಿಟ್ಟುಕೊಂಡು, ಹೆಣಿಗೆ ಹೆಣೆಯುತ್ತ, ಮೂರನ್ನೂ ಒಟ್ಟಿಗೆ ಕೇಳಿಸಿಕೊಳ್ಳುತ್ತಿದ್ದರು. ವಾರನ್ ಹೊರಟ ಮೇಲೆ ಟೇಪನ್ನು ಮೇಜಿನ ಮೇಲಿಟ್ಟು ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳು ನೋಡಿಕೊಂಡರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಡೆನಿಸ್‌ನ ಕರಿ.”

ಡೆನಿಸ್ ಬಂದು ಕುರ್ಚಿಯ ತುದಿಯಲ್ಲಿ ಕೂತ. ತೋಳು ಮಡಚಿದ ಅವನ ಅಂಗಿ, ಬೆರಳ ತುದಿ, ಕಿವಿಯ ಹಿಂದಿನ ಪೆನ್ಸಿಲ್ ಎಲ್ಲವೂ ಕಂದು ಕಂದು.

“ಶುಕ್ರವಾರ ಪ್ರಸಾರ ಮುಗಿದಮೇಲೆ ಟೇಪ್ ಏನ್ಮಾಡಿದೆ?”

“ಎರಡೂಕಾಲಿಗೆ ಡಬ್ಬಿಗೆ ಹಾಕ್ದೆ ಮೇಡಂ. ಅಳಿಸೋ ಸಾಲಿನಲ್ಲಿಟ್ಟೆ. ನಾಲ್ಕಕ್ಕೆ ಬೀಗ ಹಾಕ್ದೆ. ಇವತ್ತು ಬೆಳಗ್ಗೆ ಮ್ಯಾನಿನೇ ತೆಗೆದದ್ದು.”

“ನೀನು ಅಲ್ಲೇ ಇದ್ಯಾ?”

“ಮೂರಕ್ಕೆ ಒಂದು ಕಾಫಿ ಕುಡೀಬಾರ್ದಾ?”

“ಕುಡಿ. ಆ ಹೊತ್ತಲ್ಲಿ ಯಾರು ಬಂದಿದ್ರು?”

“ಮಿಸ್ ಟೀಗ್ ಬಂದಿದ್ರು.” ರೊಸಾಲಿಂಡ್ ಟೀಗ್ ಎಂದರೆ ಹೆಸ್ಟರ್ ಆಗಿದ್ದ ನಟಿ. “ಎಲ್ಲರಿಗೂ ಹೇಳಿ ಹೋಗೋಕೆ. ದೊಡ್ಡ ಸೂಟ್‌ಕೇಸು, ಹತ್ತೊಂಬತ್ತು ವರ್ಷದ ಸಾಮಾನು. ಸೋಪ್ ಕಂಪನಿಯ ಡ್ಯಾಬ್ನಿ ಬಂದ್ರು, ಒಂದು ಪೆಟ್ಟಿಗೆ ಸೋಪ್ ಹಂಚೋಕೆ. ಅವರ ಕಂಪನಿ ದುಡ್ಡಲ್ಲೇ ಅಲ್ವಾ ಧಾರಾವಾಹಿ ನಡೆಯೋದು. ಆಮೇಲೆ ಲಿಂಡ್‌ಕ್ವಿಸ್ಟ್ ಸಾಹೇಬ್ರು. ಕೈಯಲ್ಲಿ ಚರ್ಮದ ಚೀಲ. ನ್ಯೂಜೆರ್ಸಿಯ ಮನೆಗೆ ಹೋಗೋ ರೈಲಿಗೆ ಹೊತ್ತಾಗುತ್ತೆ ಅಂದ್ರು.”

“ವಾರನ್ ಯಾವಾಗ್ಲೂ ಕೆಳಗೆ ಬರ್ತಾನಾ?”

“ಯಾವಾಗ್ಲೂ ಎಲ್ಲಿ? ಮೊದಲ್ನೇ ಸಲ. ದಾರಿ ಕೇಳ್ಕೊಂಡು ಬಂದ್ರು.”

ಅವನು ಎದ್ದ. ಬಾಗಿಲ ಬಳಿ ನಿಂತು ನನ್ನ ಕಡೆ ತಿರುಗಿದ. “ಏನಮ್ಮ, ನೀನೂ ನಾನೇ ಅಳಿಸಿದ್ದು ಅನ್ಕೊಂಡಿದ್ದೀಯಾ?”

ಇಲ್ಲ ಎನ್ನಬೇಕೆಂದಿದ್ದೆ. ತಲೆ ಮಾತ್ರ ಅಲ್ಲಾಡಿಸಿದೆ. ಅವನು ಅದನ್ನು ಹೇಗೆ ತೆಗೆದುಕೊಂಡನೋ, ಹೊರಟುಹೋದ.

ಮಿಸೆಸ್ ಕರ್ಶ್ನರ್ ಎರಡು ಫೋನ್ ಮಾಡಿದರು. ಮೊದಲನೆಯದು ಮಿಸ್ ಟೀಗ್‌ಗೆ. ಅವರ ದನಿ ಫೋನಿನಾಚೆಯಿಂದ ನನಗೂ ಕೇಳುತ್ತಿತ್ತು.

“ನನ್ನ ಕೊನೇ ಕಂತು ನಾನ್ಯಾಕೆ ಕದೀಲಿ, ಥೆಡಾ? ನನ್ನ ಮದುವೆ ಕಂತಿನ ಮೇಲೆ ಯಾವುದೋ ಅಡುಗೆ ಸ್ಪರ್ಧೆ ರೆಕಾರ್ಡ್ ಮಾಡಿದ್ರಿ. ನನ್ನ ಗಂಡ ಸತ್ತದ್ದರ ಮೇಲೆ ಹವಾಮಾನ ವರದಿ. ಅಭ್ಯಾಸ ಆಗಿದೆ. ಟೇಪ್ ಬೇಕಾದ್ರೆ ಡೆನಿಸ್ ಕಣ್ಣು ತಪ್ಪಿಸಿ ಎತ್ಕೊಂಡು, ಕಪಾಟಿಂದ ಯಾವುದಾದ್ರೂ ಹಳೇದನ್ನ ಡಬ್ಬೀಲಿ ತುರುಕ್ತಿದ್ದೆ. ಯಾರಿಗೆ ಗೊತ್ತಾಗ್ತಿತ್ತು?”

“ಅದನ್ನೇ ಕೇಳೋಣ ಅಂತ ಫೋನ್ ಮಾಡಿದ್ದು,” ಎಂದರು ಮಿಸೆಸ್ ಕರ್ಶ್ನರ್.

ಎರಡನೆಯದು ಡ್ಯಾಬ್ನಿಗೆ.

“ಟೇಪಾ?” ಎಂದು ಆತ ನಕ್ಕ. “ನಮ್ಮ ಕಂಪನಿಗೆ ಪ್ರತಿ ಬೇಕಾದ್ರೆ ಒಂದು ಕಾಗದ ಬರೆದ್ರೆ ಸಾಕು, ನೀವೇ ತೆಗೆದು ಕಳಿಸ್ಬೇಕು. ಒಪ್ಪಂದದಲ್ಲೇ ಇದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲನಾದ್ರೂ ಕೇಳಿದೀವಾ? ನಮಗೆ ಬೇಕಾದ್ದು ಸೋಪ್ ಮಾರೋದು.”

ಗಂಟೆ ಮೂರೂವರೆ.

“ವಾರನ್‌ನ ಕರಿ,” ಎಂದರು. “ನೀನೂ ಇಲ್ಲೇ ಇರು.”

ವಾರನ್ ಬಂದರು. ಕೂರಲಿಲ್ಲ.

“ಡೆನಿಸ್ ಏನೂ ಅಳಿಸಿಲ್ಲ,” ಎಂದರು ಮಿಸೆಸ್ ಕರ್ಶ್ನರ್. ದನಿ ಏರಲಿಲ್ಲ; ಹೆಣಿಗೆಯ ಕಡ್ಡಿಗಳೂ ನಿಲ್ಲಲಿಲ್ಲ. “ಡಬ್ಬೀಲಿದ್ದದ್ದು ಶುಕ್ರವಾರದ ಟೇಪೇ ಅಲ್ಲ.”

“ಹೇಗೆ ಹೇಳ್ತೀರಿ?”

“ಎಲ್ಲರೂ ಪರದೆ ನೋಡಿದ್ರು. ಟೇಪ್ ಯಾರೂ ನೋಡ್ಲಿಲ್ಲ. ನಮ್ಮ ನೆಲಮಾಳಿಗೇಲಿ ಹೊಸ ಟೇಪ್ ಅನ್ನೋದು ಎಷ್ಟೋ ವರ್ಷದಿಂದ ಇಲ್ಲ. ಅದದನ್ನೇ ನಲವತ್ತು ಐವತ್ತು ಸಲ ಅಳಿಸಿ ಬಳಸ್ತೀವಿ. ಸವೆದೂ ಸವೆದೂ ಕಂದು ಪುಡಿ ಉದುರುತ್ತೆ. ಡೆನಿಸ್‌ನ ಅಂಗಿ ನೋಡಿದೀರಲ್ಲ? ಈಗ ಕೊರಿನ್‌ನ ನೋಡಿ. ಬೆಳಗ್ಗೆ ಇದನ್ನ ನೆಲಮಾಳಿಗೆಯಿಂದ ಹನ್ನೊಂದನೇ ಮಹಡೀವರೆಗೆ ಎದೆಗವುಚ್ಕೊಂಡು ತಂದಳು.”

ವಾರನ್ ನನ್ನತ್ತ ತಿರುಗಿದರು. ನನ್ನ ಬ್ಲೌಸ್ ಬೆಳಗ್ಗೆ ತೊಟ್ಟಾಗಿನಷ್ಟೇ ಬೆಳ್ಳಗಿತ್ತು. ಅದು ನನಗೂ ಆಗಲೇ ಹೊಳೆದದ್ದು.

“ಇದು ಅಳಿಸಿದ ಟೇಪಲ್ಲ. ಯಾವತ್ತೂ ಏನೂ ರೆಕಾರ್ಡ್ ಆಗದೇ ಇರೋ ಹೊಸ ಟೇಪ್. ಯಾರೋ ಅಂಗಡಿಯಿಂದ ತಂದು, ಡಬ್ಬೀಲಿಟ್ಟು, ಹಳೇದನ್ನ ಒಯ್ದಿದ್ದಾರೆ. ಇವತ್ತು ಮಧ್ಯಾಹ್ನ ಡೆನಿಸ್ ಖಾಲಿ ಟೇಪನ್ನೇ ಅಳಿಸ್ತಿದ್ದ, ಕಥೆ ಮುಗೀತಿತ್ತು. ಹೆಂಗಸರು ಫೋನ್ ಮಾಡ್ತಾರೆ ಅಂತ ಆ ಮನುಷ್ಯನಿಗೆ ಹೊಳೀಲಿಲ್ಲ.”

“ಯಾರು ಬೇಕಾದ್ರೂ—”

“ಯಾರು ಬೇಕಾದ್ರೂ ಅಲ್ಲ. ಕೆಳಗೆ ಕಪಾಟು ತುಂಬ ಅಳಿಸಿಟ್ಟ ಟೇಪ್‌ಗಳಿವೆ, ಲೆಕ್ಕ ಇಟ್ಟೋರಿಲ್ಲ. ಅಲ್ಲಿ ಓಡಾಡಿದೋರು ಯಾರಾದ್ರೂ ಅದರಲ್ಲೊಂದನ್ನ ತುರುಕ್ತಿದ್ರು. ರೊಸಾಲಿಂಡ್ ಬಾಯಲ್ಲೇ ಅದು ಬಂತು. ಡ್ಯಾಬ್ನಿಗೆ ಕಾಗದ ಒಂದೇ ಸಾಕು. ಟೇಪಿನ ಜಾಗಕ್ಕೆ ಹೊಸ ಟೇಪೇ ಬೇಕು ಅನ್ಕೊಳ್ಳೋನು ಯಾರು? ಟೇಪನ್ನ ಕಾಗದದ ಮೇಲೆ ಮಾತ್ರ ಕಂಡೋನು. ಕೆಳಗೆ ಹೋಗೋಕೆ ದಾರಿ ಕೇಳಿದೋನು. ಒಂದು ಟೇಪಿಗೆ ಇಷ್ಟು ಬೆಲೆ, ಅದಕ್ಕೇ ಪ್ರಸಾರದ ಮುಂದಿನ ಕೆಲಸದ ದಿನ ಹನ್ನೆರಡಕ್ಕೆ ತಪ್ಪದೆ ಅಳಿಸಿ ಅಂತ ನಿಯಮ ಬರೆದೋನು.” ಅವರು ಕಡ್ಡಿಗಳನ್ನು ಮಡಿಲಿಗಿಳಿಸಿದರು. “ಕಳ್ಳತನ ಆಗ್ಬಾರ್ದು ಅಂತ ಸ್ವಂತ ದುಡ್ಡಲ್ಲಿ ಬದಲಿ ಇಟ್ಟು ಹೋದ್ರಿ, ವಾರನ್. ಈ ಕಟ್ಟಡದಲ್ಲಿ ಇಂಥ ತಪ್ಪು ಮಾಡೋಕೆ ಮೇಲಿನ ಮಹಡಿಯೋರಿಗೇ ಸಾಧ್ಯ.”

ವಾರನ್ ಕಿಟಕಿಯ ಕಡೆ ನೋಡುತ್ತ ನಿಂತರು. ಕೆಳಗಿನ ಬೀದಿಯ ಟ್ಯಾಕ್ಸಿಗಳ ಸದ್ದು ಕೇಳುತ್ತಿತ್ತು.

“ಹನ್ನೆರಡನೇ ವಯಸ್ಸಲ್ಲಿ ನಂಗೆ ಕೀಲುಜ್ವರ ಬಂದಿತ್ತು,” ಎಂದರು. “ಅಯೋವಾದಲ್ಲಿ. ಒಂದು ಚಳಿಗಾಲ ಪೂರ್ತಿ ಹಾಸಿಗೇಲಿ. ಸ್ಕೂಲಿಲ್ಲ, ಯಾರೂ ಮಾತಾಡ್ಸೋಕೆ ಬರ್ತಿರ್ಲಿಲ್ಲ. ಮಧ್ಯಾಹ್ನ ಒಂದೂವರೆಗೆ ಅವಳು ಬೇಕರಿ ಬಾಗಿಲು ತೆಗೆಯೋಳು.”

“ಹಾಗಿದ್ರೆ ಅವಳನ್ನ ತೆಗೀರಿ ಅಂತ ಯಾಕೆ ಬರೆದ್ರಿ?”

“ಅಂಕಿ ಹಾಗೇ ಹೇಳ್ತಿತ್ತು. ಅಂಕಿ ನಾನು ಬರೆದದ್ದಲ್ಲ.”

“ಟೇಪ್ ಬೇಕು ಅಂತ ಕೇಳ್ಬಹುದಿತ್ತು.”

“ಯಾರನ್ನ ಕೇಳ್ಲಿ, ಥೆಡಾ? ನಿಯಮಕ್ಕೆ ವಿನಾಯಿತಿ ಕೊಡೋನು ನಾನೇ. ಕೇಳೋರಿಗೆಲ್ಲ ಇಲ್ಲ ಅಂದಿದ್ದೀನಿ. ನಂಗೂ ಇಲ್ಲ ಅಂತಿದ್ದೆ.”

ವಾರನ್ ಕಿಟಕಿಯಿಂದ ಈಚೆ ತಿರುಗಿದರು. “ನಾಳೆ ಬೆಳಗ್ಗೆ ತಂದು, ಯಾವುದೋ ಕಪಾಟಲ್ಲಿ ಸಿಕ್ತು ಅಂತ ಇಡೋಣ ಅಂತಿದ್ದೆ.”

“ಡೆನಿಸ್‌ಗೆ ನಾಳೆ ಇಲ್ಲ. ಅವನಿಗಿರೋದು ಐದು ಗಂಟೆ.”

ವಾರನ್ ಕೋಟಿನ ಗುಂಡಿ ಹಾಕಿಕೊಂಡು ಅಧ್ಯಕ್ಷರಿದ್ದ ಹದಿನಾಲ್ಕನೇ ಮಹಡಿಗೆ ಹೋದರು. ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲು ಹತ್ತಿದರು. ಅಲ್ಲಿ ಏನು ಮಾತಾಯಿತೋ ನಮಗೆ ತಿಳಿಯದು. ನಾಲ್ಕೂಮುಕ್ಕಾಲಿಗೆ ಡೆನಿಸ್‌ನ ಹೆಸರಿನ ವಜಾ ಕಾಗದ ಎರಡು ತುಂಡಾಗಿ ಕೆಳಗೆ ಬಂತು. ವಾರನ್ ಹೆಸರಿನದನ್ನು ಮರುದಿನ ನಾನೇ ಟೈಪ್ ಮಾಡಿದೆ. ಬುಧವಾರ ಅವರ ಕಡೆಯ ದಿನ.

ಡೆನಿಸ್‌ಗೆ ಸುದ್ದಿ ಹೇಳಲು ನಾನೇ ಹೋದೆ. ಹೇಳುವುದನ್ನೆಲ್ಲ ಮೆಟ್ಟಿಲ ಮೇಲೆ ಎರಡು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಅವನು ಪೂರ್ತಿ ಕೇಳಿ, ಬಹಳ ಹೊತ್ತು ಕಂದು ಬೆರಳುಗಳಿಂದ ಗಲ್ಲ ಕೆರೆದುಕೊಂಡ.

“ಮನೇಲಿ ಅದನ್ನ ಹೆಂಗೆ ನೋಡ್ತಿದ್ನಂತೆ?” ಎಂದ.

“ಅಂದ್ರೆ?”

“ಇದನ್ನ ಓಡ್ಸೋಕೆ ಈ ಯಂತ್ರ ಬೇಕಲ್ಲಮ್ಮ.” ಬೀರುವಿನಷ್ಟು ಎತ್ತರದ ಯಂತ್ರವನ್ನು ತಟ್ಟಿದ. “ನ್ಯೂಜೆರ್ಸಿಯ ಯಾರ ಮನೆ ಬಾಗಿಲಲ್ಲಿ ಇದು ಹಿಡಿಯುತ್ತೆ? ಡಬ್ಬಿ ಮಡಿಲಲ್ಲಿಟ್ಕೊಂಡು ಕೂತಿದ್ನಾ, ಪಾಪ?” ಆಮೇಲೆ ದನಿ ಬದಲಾಯಿತು. “ಪಾಪ ಏನ್ಬಂತು. ಇವನ ದೆಸೆಯಿಂದ ಮಧ್ಯಾಹ್ನ ನಾನು ಹೆಂಡತಿಗೆ ಫೋನ್ ಮಾಡಿ, ಕೆಲಸ ಹೋಯ್ತು ಕಣೆ ಅಂದಿದ್ದೀನಿ. ಅವಳು ಅತ್ತಿದ್ದಾಳೆ.”

ವಾರನ್ ಮನೆಯಿಂದ ಟೇಪ್ ವಾಪಸು ಬಂದು, ಮಂಗಳವಾರ ಒಂದೂವರೆಯ ಪ್ರಸಾರದಲ್ಲಿ ಹೆಸ್ಟರ್ ಕಡೆಗೂ ಬಾಗಿಲಿಗೆ ಬೀಗ ಹಾಕಿದಳು. ವಾರನ್ ಅದನ್ನು ನೋಡಲಿಲ್ಲ. ಆ ಹೊತ್ತಿಗೆ ಅವರನ್ನು ವಕೀಲರ ಮುಂದೆ ಕೂರಿಸಿ ಹೇಳಿಕೆ ಬರೆಸಿಕೊಳ್ಳುತ್ತಿದ್ದರು.

ಬುಧವಾರ ಟೇಪ್ ಅಳಿಸುವ ಚೀಟಿ ಕೊಡಲು ನೆಲಮಾಳಿಗೆಗೆ ಹೋದಾಗ ವಾರನ್ ಡೆನಿಸ್ ಎದುರು ನಿಂತಿದ್ದರು. ಟೋಪಿ ಕೈಯಲ್ಲಿತ್ತು.

“ನಿನ್ನ ಹತ್ರ ಕ್ಷಮೆ ಕೇಳ್ಬೇಕಿತ್ತು,” ಎನ್ನುತ್ತಿದ್ದರು.

“ಕೇಳಿ.”

“ಕ್ಷಮಿಸು, ಡೆನಿಸ್.”

“ನೋಡೋಣ.” ಡೆನಿಸ್ ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಓದಿದ. “ಹನ್ನೆರಡಕ್ಕೆ ಅಳಿಸ್ಬೇಕು. ನಿಮ್ಮದೇ ನಿಯಮ.”

“ಗೊತ್ತು.”

“ಈಗ ಹನ್ನೆರಡಾಗೋಕೆ ಹತ್ತು ನಿಮಿಷ.” ಮೂಲೆಯಿಂದ ಮುರುಕು ಕುರ್ಚಿಯೊಂದನ್ನು ಕಾಲಿನಿಂದ ಎಳೆದು ಪರದೆಯ ಮುಂದಿಟ್ಟ. “ಕೂತ್ಕೊಳ್ಳಿ. ಅಂಗಿ ಹುಷಾರು.”

ವಾರನ್ ಕೂತರು. ಯಂತ್ರ ಗುಂಯ್ ಎಂದಿತು. ಹೆಸ್ಟರ್ ಬೀಗ ಎತ್ತಿಕೊಂಡಳು. ಈ ಸಲ ಯಾವ ವಾರ್ತೆಯೂ ಅಡ್ಡ ಬರಲಿಲ್ಲ. ಮಗಳ ಕೈಗೆ ಬೀಗದಕೈ ಇಟ್ಟು ಏನೋ ಹೇಳಿದಳು, ಒಲೆಯ ಬಗ್ಗೆ, ಬೆಳಗ್ಗೆ ನಾಲ್ಕಕ್ಕೇ ಹಚ್ಚಬೇಕು ಎಂದೇನೋ. ನಾನು ಪರದೆ ನೋಡಲೇ ಇಲ್ಲ. ವಾರನ್ ಕೂತಿದ್ದ ಬಗೆಯನ್ನು ನೋಡುತ್ತಿದ್ದೆ. ಮೊಣಕಾಲುಗಳನ್ನು ಜೋಡಿಸಿ, ಕೈಗಳನ್ನು ಅವುಗಳ ನಡುವೆ ಸೇರಿಸಿ ಕೂತಿದ್ದರು.

ಪರದೆ ಕಪ್ಪಾಯಿತು. ಡೆನಿಸ್ ಯಂತ್ರದ ಮೇಲೆ ಕೈಯಿಟ್ಟುಕೊಂಡು ಗೋಡೆ ಗಡಿಯಾರ ನೋಡಿದ. ಹನ್ನೆರಡಾಗಿ ಒಂದು ನಿಮಿಷ.

“ಇನ್ನೊಂದ್ಸಲ ಹಾಕ್ಲಾ?” ಎಂದ.

ವಾರನ್ ಕೂಡ ಗಡಿಯಾರ ನೋಡಿದರು.

“ಹಾಕು,” ಎಂದರು.