ಹೊಟ್ಟಿಲ್ಲದ ಮಣ್ಣು

ಹೊಳೆನರಸೀಪುರದ ಚನ್ನಪ್ಪನವರ ಹೆಂಚಿನ ಕಾರ್ಖಾನೆಯಲ್ಲಿ ಅವತ್ತು ಹೆಂಚು ಸುಡುವ ಗೂಡು ಬಿಚ್ಚಿದಾಗ ಒಂದು ಹೆಂಚೂ ನೆಟ್ಟಗಿರಲಿಲ್ಲ. ಮೊಸಳೆ ಎಂಬ ಊರಿನ ಹೊಸ ಸ್ಕೂಲಿಗೆಂದು ಸುಟ್ಟವು, ಎಲ್ಲ ಸೀಳುಬಿಟ್ಟಿದ್ದವು. ಆರುವ ಮುಂಚೆ ಯಾರೋ ಗೂಡಿನ ಬಾಯಿ ತೆಗೆದು ಗಾಳಿ ಬಿಟ್ಟಿದ್ದರು. ಬೆಂಕಿ ನೋಡಿಕೊಳ್ಳುವ ಗುಂಡಯ್ಯನದೇ ಈ ಕೆಲಸವೆಂದು ಸಾಹುಕಾರರು ಅವನನ್ನು ಗೇಟಿನಾಚೆ ನಿಲ್ಲಿಸಿದರು. ಸಂಜೆಯೊಳಗೆ ನಿಜ ತಿಳಿಯದಿದ್ದರೆ ಅವನ ಅನ್ನ ಹೋದಂತೆಯೇ.

ಗುಂಡಯ್ಯನ ಹೆಂಡತಿ ಮಾದಮ್ಮ ಅಳುತ್ತ ಓಡಿದ್ದು ಬಳೆ ಅಂಗಡಿಯ ನೀಲಾಂಬಿಕೆಯವರ ಹತ್ತಿರ. ಪೊಲೀಸರಿಗೆ ಬಗೆಹರಿಯದ ಎಷ್ಟೋ ತಂಟೆಗಳು ಆ ಅಂಗಡಿಯಲ್ಲಿ ಬಗೆಹರಿದಿದ್ದವು.

"ಜಟಕಾ ಕಟ್ಟೋ ಲಕ್ಕಯ್ಯ," ನೀಲಾಂಬಿಕೆ ಎದ್ದರು.

ಲಕ್ಕಯ್ಯನಿಗೆ ಅಷ್ಟು ಸಾಕು. ಆಯಮ್ಮನ ಎಲ್ಲ ಪತ್ತೆಗೂ ಗಾಡಿ ಹೂಡಿದವನು ಅವನೇ.

ಕಾರ್ಖಾನೆಯಲ್ಲಿ ಚನ್ನಪ್ಪ ಗುಡುಗಿದರು: "ನಾನೂ ಮಣ್ಣು ತುಳಿದು ಮೇಲೆ ಬಂದೋನು ತಾಯಿ. ಇಲ್ಲಿ ನಾನು ಏಳೋದು ಮೇಸ್ತ್ರಿಗೆ, ಮೇಸ್ತ್ರಿ ಏಳೋದು ಆಳಿಗೆ. ಎದುರುಮಾತಿಲ್ಲ. ಬೇಗ ಮುಗೀಬೇಕು ಅಂತ ಮೇಸ್ತ್ರಿಗೆ ಏಳಿ ಅರಕಲಗೂಡಿಗೋದೆ. ಬಂದು ನೋಡಿದ್ರೆ ಇಂಗೆ!"

ಮೇಸ್ತ್ರಿ ನಂಜಪ್ಪ ಕೊಡೆಯ ತುದಿಯಿಂದ ಗೂಡು ತೋರಿಸಿದ. ಕೆಲಸವನ್ನೆಲ್ಲ ಆ ಕೊಡೆಯಿಂದಲೇ ಮಾಡಿಸುವವನು. ಅವನ ಪಂಚೆಗೆ ಮಣ್ಣು ತಗುಲಿದ್ದನ್ನು ಕಂಡವರಿಲ್ಲ.

ಗೂಡಿನ ಬಾಯಿಗೆ ಮೆತ್ತಿದ್ದ ಮಣ್ಣು ಚೂರಾಗಿ ಬಿದ್ದಿತ್ತು. ನೀಲಾಂಬಿಕೆ ಎರಡು ಚೂರು ಆರಿಸಿದರು. ಒಂದರಲ್ಲಿ ಭತ್ತದ ಹೊಟ್ಟು ಸೇರಿತ್ತು, ಗಟ್ಟಿಯಿತ್ತು. ಇನ್ನೊಂದು ಬರೀ ಮಣ್ಣು, ತುಂಬ ಬಿರುಕು.

"ಮಣ್ಣು ಕಟ್ಕೊಂಡು ಓಯ್ತೀರೇನವ್ವಾ?" ಲಕ್ಕಯ್ಯ ನಕ್ಕ.

"ಬಳೆ ತೊಡಿಸೋ ಮುಂಚೆ ಕೈ ನೋಡ್ತೀನಲ್ಲ, ಇದ್ರಲ್ಲೂ ಒಂದು ಕೈ ಐತೆ ಕಣೋ."

ಸಂಜೆ ನೀಲಾಂಬಿಕೆ ಗುಂಡಯ್ಯನನ್ನೂ ಒಳಗೆ ಕರೆಸಿ ಎಲ್ಲರನ್ನೂ ಗೂಡಿನ ಮುಂದೆ ಸೇರಿಸಿದರು. ಮಣ್ಣು, ನೀರು, ಪಕ್ಕದಲ್ಲಿ ಹೊಟ್ಟಿನ ರಾಶಿ.

"ಈ ಬಾಯಿ ಮೆತ್ತೋಕೆ ಒಂದೊಂದು ಉಂಡೆ ಕಲಸ್ರಪ್ಪಾ. ಸಾಹುಕಾರ್ರೇ, ನೀವೂನೂ."

ಗುಂಡಯ್ಯನ ಕೈ ತಾನಾಗಿ ಹೊಟ್ಟಿಗೆ ಹೋಯಿತು. ಉಳಿದ ಆಳುಗಳದೂ ಹಾಗೇ. ಅಷ್ಟು ವರ್ಷದ ಮೇಲೆ ಚನ್ನಪ್ಪನವರದೂ. ನಂಜಪ್ಪ ಮಾತ್ರ ಬರೀ ಮಣ್ಣಿಗೆ ನೀರು ಸುರಿದು ನುಣ್ಣಗೆ ನಾದಿದ.

"ಮೇಸ್ತ್ರಿಗಳು ಮುದ್ದೆ ಕಟ್ಟವ್ರೆ ಕಣ್ಲಾ!" ಯಾರೋ ಕಿಸಕ್ಕೆಂದರು.

ನೀಲಾಂಬಿಕೆ ನಗಲಿಲ್ಲ. "ಮೊದಲು ಮೆತ್ತಿದ್ದು ಹೊಟ್ಟಿನ ಮಣ್ಣು. ಆಮೇಲೆ ಯಾರೋ ಬಾಯಿ ಕಿತ್ತು, ಗೊತ್ತಾಗಬಾರ್ದು ಅಂತ ಬರೀ ಮಣ್ಣು ಮೆತ್ತವ್ರೆ. ಇಲ್ಲಿ ಮಣ್ಣು ಕಲಸೋದು ಹಿತ್ತಲಲ್ಲಿ. ಮೇಸ್ತ್ರಿ ನೋಡಿರೋದು ಮೆತ್ತೋದನ್ನ, ಕಲಸೋದನ್ನಲ್ಲ."

ಕೊಡೆ ಕೆಳಗೆ ಬಿತ್ತು. "ಬೇಗ ಅಂದ್ರಲ್ಲ ಸಾ," ಎಂದ ನಂಜಪ್ಪ. "ಗೂಡು ಆರೈತಾ ಅಂತ ಆಳ್ನ ಕೇಳೋಕೆ ನಾಚ್ಕೆ. ಆರಿಲ್ಲ ಅಂತ ನಿಮ್ಗೆ ಏಳೋಕೆ ಬಯ. ನಾನೇ ತೆಗ್ದು ನೋಡ್ದೆ."

ಚನ್ನಪ್ಪ ಕೈಯೆತ್ತಿದರು. ನೀಲಾಂಬಿಕೆ ಅಡ್ಡ ಬಂದರು. "ನಿಮ್ಮ ಮಾತು ಕೆಳಕ್ಕೆ ಚೆನ್ನಾಗಿ ಬರ್ತದೆ ಸಾಹುಕಾರ್ರೇ. ಕೆಳಗಿನ ಮಾತು ನಿಮ್ಮ ಹತ್ರ ಬರೋಕೆ ದಾರಿ ಎಲ್ಲಿಟ್ಟಿದೀರಿ?"

ಮಣ್ಣಾದ ಆ ಕೈ ನಿಧಾನವಾಗಿ ಇಳಿಯಿತು. ಚನ್ನಪ್ಪನವರೇ ಹೋಗಿ ಗುಂಡಯ್ಯನ ಹೆಗಲ ಮೇಲೆ ಅದನ್ನಿಟ್ಟರು. ನಂಜಪ್ಪನನ್ನು ಹೊರಹಾಕಲಿಲ್ಲ, ಮಣ್ಣು ಕಲಸುವುದನ್ನು ಕಲಿಯಲು ಹಿತ್ತಲಿಗೆ ಕಳಿಸಿದರು.

ಮುಂದಿನ ಗೂಡು ಆರುವಾಗ ಲಕ್ಕಯ್ಯನ ಜಟಕಾ ಮತ್ತೆ ಅಲ್ಲಿತ್ತು. ನೀಲಾಂಬಿಕೆ ಮಾದಮ್ಮನ ಕೈಗೆ ಬಳೆ ಏರಿಸುತ್ತಿದ್ದರು. ಹೆಂಚು ಒಯ್ಯಲು ಗಾಡಿಗಳು ಕಾದಿದ್ದವು.

"ತೆಗೀಬೋದೇನಪ್ಪಾ ಗುಂಡಯ್ಯ?" ಚನ್ನಪ್ಪ ಕೇಳಿದರು.

"ಇನ್ನೂ ಇಲ್ಲ ಸಾ."

ಸಾಹುಕಾರರು ಕಲ್ಲಿನ ಮೇಲೆ ಕೂತು ಕಾದರು.