ಅಕ್ಕ ಅಂದವರಲ್ಲಿ ಒಬ್ಬ

ಮಂಗಳವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಗಾಜಿನ ಕಟ್ಟಡದ ಆಡಳಿತಾಧಿಕಾರಿ ಠಾಣೆಗೆ ಬಂದರು. ದೂರನ್ನು ಟೈಪ್ ಮಾಡಿಸಿಯೇ ತಂದಿದ್ದರು. ಮೂರನೇ ಮಹಡಿಯ ಹೊರಗೋಡೆಯ ಗಾಜೊಂದು ಕಳಚಿ, ಕಾರಿನಿಂದ ಇಳಿಯುತ್ತಿದ್ದ ಯೋಜನಾ ಮುಖ್ಯಸ್ಥರ ಮೇಲೆ ಬಿದ್ದಿದೆ. ಎರಡೂ ಕಾಲು ಜಜ್ಜಿಹೋಗಿವೆ. ಕಾರಣ, ಕೆಲಸಗಾರರ ಅಜಾಗರೂಕತೆ.

"ಗಾಜು ಬಿದ್ದು ಒಂದು ಗಂಟೆ ಆಗಿಲ್ಲ. ಕಾರಣ ಇಷ್ಟು ಬೇಗ ಸಿಕ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಮತ್ತಿನ್ನೇನು ಸರ್? ಗಾಜು ತಾನಾಗೇ ಬೀಳುತ್ತಾ?"

"ಅದನ್ನೇ ನಾನೂ ಕೇಳ್ತಿರೋದು."

ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಅವರು ಸ್ಥಳಕ್ಕೆ ಹೋದರು. ಕಟ್ಟಡದ ಮುಂಭಾಗವೆಲ್ಲ ಗಾಜು. ಅಲ್ಯೂಮಿನಿಯಂ ಚೌಕಟ್ಟುಗಳಿಗೆ ಒಂದೊಂದು ಹಲಗೆಯನ್ನೂ ಸಿಲಿಕೋನ್ ಅಂಟಿನಿಂದ ಕೂರಿಸಿದ್ದರು. ಹೆಡ್ ಕಾನ್‌ಸ್ಟೆಬಲ್ ಕತ್ತೆತ್ತಿ ನೋಡಿ, "ಇಟ್ಟಿಗೆ ಇಲ್ಲ, ಗಾರೆ ಇಲ್ಲ, ಬರೀ ಅಂಟಿನ ಮೇಲೆ ನಿಂತಿದೆ. ನಮ್ಮ ಜೀಪಿನ ಸೀಟೇ ವಾಸಿ ಸರ್," ಎಂದ.

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಮೂರನೇ ಮಹಡಿ ಇನ್ನೂ ಬಾಡಿಗೆಗೆ ಹೋಗದ ಖಾಲಿ ಹಜಾರ. ಬಿದ್ದ ಗಾಜಿನ ಜಾಗದಲ್ಲಿ ಗಾಳಿ ಹುಯ್ಯೆನ್ನುತ್ತಿತ್ತು. ಇನ್‌ಸ್ಪೆಕ್ಟರ್ ಮಂಡಿಯೂರಿ ಚೌಕಟ್ಟಿನ ಅಂಚನ್ನು ಬೆರಳಿನಿಂದ ಸವರಿದರು. ಅಂಟು ಹರಿದಿರಲಿಲ್ಲ. ನಾಲ್ಕೂ ಕಡೆ ಬೆಣ್ಣೆಯ ಹಾಗೆ ನೀಟಾಗಿ ಯಾರೋ ಕೊಯ್ದಿದ್ದರು. ಇದು ಅಜಾಗರೂಕತೆ ಆಗಿದ್ದರೆ ತುಂಬ ಜಾಗರೂಕತೆಯಿಂದ ಮಾಡಿದ ಅಜಾಗರೂಕತೆ ಎಂದು ಅವರಿಗೆ ಅನ್ನಿಸಿತು.

ಕೆಳಗೆ ಇನ್ನೊಂದು ವಿಚಿತ್ರ ಕಂಡಿತು. ಗೋಡೆಯ ಬುಡದ ಉದ್ದಕ್ಕೂ ಹಳದಿ ಎಚ್ಚರಿಕೆ ಪಟ್ಟಿ ಕಟ್ಟಿದ್ದರು. ಮುಖ್ಯಸ್ಥರು ದಿನಾ ಕಾರು ನಿಲ್ಲಿಸುವ ಜಾಗ ಮಾತ್ರ ತೆರೆದಿತ್ತು. ಉಳಿದವರಿಗೆಲ್ಲ ಬೇಲಿ, ಒಬ್ಬನಿಗೆ ಮಾತ್ರ ಬಾಗಿಲು.

"ಈ ಮನುಷ್ಯನ ಮೇಲೆ ಯಾರಿಗೆ ದ್ವೇಷ?" ಇನ್‌ಸ್ಪೆಕ್ಟರ್ ಕಾವಲುಗಾರನನ್ನು ಕೇಳಿದರು.

"ಯಾರಿಗಿಲ್ಲ ಅಂತ ಕೇಳಿ ಸರ್," ಎಂದ ಅವನು. ಆಮೇಲೆ ಧ್ವನಿ ತಗ್ಗಿಸಿ, "ಹೋದ ವರ್ಷ ಒಬ್ಬ ಗಾಜಿನ ಕೆಲಸದ ಹುಡುಗ ಇಲ್ಲೇ ಸತ್ತ," ಎಂದ.

ಆ ಕಡತ ಅವರದೇ ಠಾಣೆಯಲ್ಲಿತ್ತು. ಹಿಂದಿನ ಇನ್‌ಸ್ಪೆಕ್ಟರ್ ಎರಡೇ ವಾರದಲ್ಲಿ ಮುಗಿಸಿದ್ದರು. ಕೂರಿಸುತ್ತಿದ್ದ ಗಾಜು ಕಳಚಿ ಕೆಲಸಗಾರನ ಸಾವು. ಮೃತ ಕುಡಿದಿದ್ದ ಎಂದು ಯೋಜನಾ ಮುಖ್ಯಸ್ಥರ ಹೇಳಿಕೆ. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ, ಅವನು ಎದ್ದು ಬಂದು ಓಡಿಸುವುದಿಲ್ಲ. ಬಂಧುಗಳು ದೂರದ ಊರಿನವರು, ಹೆಣ ಒಯ್ದವರು ಮತ್ತೆ ಬಂದಿರಲಿಲ್ಲ. ಹಾಗಾದರೆ ಅವನ ಪರವಾಗಿ ಇಲ್ಲಿ ಅಂಟು ಕೊಯ್ದವರು ಯಾರು?

ಮಧ್ಯಾಹ್ನ ಕೆಲಸಗಾರರ ವಿಚಾರಣೆ. ಹೊರಗೋಡೆಯ ತಂಡಕ್ಕೆ ಒಬ್ಬಳು ಮೇಲ್ವಿಚಾರಕಿ, ನಲವತ್ತರ ಆಸುಪಾಸಿನವಳು. ತಂಡದಲ್ಲಿ ಎಲ್ಲರಿಗೂ ಅವಳು ಅಕ್ಕ. ಅಕ್ಕ ಬನ್ನಿ, ಅಕ್ಕ ನೋಡಿ, ಅಕ್ಕ ಸಹಿ ಹಾಕಿ. ಹೊರಗೋಡೆಯಲ್ಲಿ ಕೆಲಸಗಾರರು ನಿಲ್ಲುವ ತೂಗುತೊಟ್ಟಿಲನ್ನು ಇಳಿಸಿ ಏರಿಸುವವನನ್ನು ಇನ್‌ಸ್ಪೆಕ್ಟರ್ ಒಬ್ಬನನ್ನೇ ಕೂರಿಸಿಕೊಂಡರು.

"ಹುಡುಗ ಸಾಯುವಾಗ ಹತ್ತಿರ ಯಾರಿದ್ದರು?"

"ನಾನಿದ್ದೆ. ಅಕ್ಕ ಓಡಿ ಬಂದ್ರು."

"ಏನಾದರೂ ಮಾತಾಡಿದನಾ?"

"ಗಾಜಿನಡಿ ಸಿಕ್ಕಿಕೊಂಡಿದ್ದ ಸರ್. 'ಅಕ್ಕಾ, ಬರಬೇಡ ಕಣೇ, ಇನ್ನೊಂದು ಬೀಳುತ್ತೆ' ಅಂದ. ಅಷ್ಟೇ."

ಇನ್‌ಸ್ಪೆಕ್ಟರ್ ಕಿವಿ ನೆಟ್ಟಗಾಯಿತು. "ಕಣೇ ಅಂದನಾ? ಸರಿಯಾಗಿ ನೆನಪು ಮಾಡ್ಕೋ."

"ಹೂಂ ಸರ್. ಪ್ರಾಣ ಹೋಗೋವಾಗ ಮರ್ಯಾದೆ ಎಲ್ಲಿ ನೆನಪಿರುತ್ತೆ?"

ಮರ್ಯಾದೆ ಮರೆಯಬಹುದು. ಆದರೆ ಮೇಲಿನವರನ್ನು ಕಣೇ ಅನ್ನುವ ಸಲಿಗೆ ಸಾಯುವ ಗಳಿಗೆಯಲ್ಲಿ ಹೊಸದಾಗಿ ಹುಟ್ಟುವುದಿಲ್ಲ. ಅದು ಒಂದೇ ಮನೆಯಲ್ಲಿ ಜಗಳವಾಡಿ ಬೆಳೆದವರ ಮಾತು. ಇನ್‌ಸ್ಪೆಕ್ಟರ್ ಮೇಲ್ವಿಚಾರಕಿಯನ್ನು ಕರೆಸಿದರು.

"ಹಳದಿ ಪಟ್ಟಿ ಕಟ್ಟಿದ್ದು ಯಾರು?"

"ನಾನೇ."

"ಯಾಕೆ?"

"ಗಾಜು ಬಿಚ್ಚೋ ಮುಂಚೆ ಕಟ್ಟಲೇಬೇಕು ಸರ್. ಕಸ ಗುಡಿಸೋರು ಓಡಾಡ್ತಿರ್ತಾರೆ."

"ಗಾಜು ತಾನಾಗೇ ಬಿತ್ತು ಅಂತ ನಿಮ್ಮ ತಂಡದವರೆಲ್ಲ ಹೇಳ್ತಿದ್ದಾರೆ. ಬಿಚ್ಚಿದ್ದು ಯಾರು?"

ಅವಳು ಬಾಯಿ ತಪ್ಪಿ ನಿಜ ಆಡಿಬಿಟ್ಟಿದ್ದಳು. ಕೆಲಸದ ಅಭ್ಯಾಸ ನಾಲಗೆಗೂ ಅಂಟಿಕೊಂಡಿತ್ತು.

"ಸತ್ತ ಹುಡುಗ ನಿಮಗೆ ಏನಾಗಬೇಕು?"

"ಏನೂ ಇಲ್ಲ. ಎಲ್ಲರೂ ಅಕ್ಕ ಅಂತಾರೆ, ಅವನೂ ಅಂತಿದ್ದ."

"ಎಲ್ಲರೂ ಬನ್ನಿ ಅಂತಾರಮ್ಮ. ಅವನೊಬ್ಬ ಕಣೇ ಅಂದ."

ಅವಳ ಮಾತಿನಲ್ಲಿ ಅಳು ಇರಲಿಲ್ಲ, ಬರೀ ಬೆಂಕಿ.

"ಅಂಟು ಇನ್ನೂ ಹಸಿ ಇತ್ತು. ಒಂದು ವಾರ ಬಿಡಿ ಅಂದ ಅವನು. ಉದ್ಘಾಟನೆನ ನಿಮ್ಮಪ್ಪ ಬಂದು ಮುಂದಕ್ಕೆ ಹಾಕ್ತಾನಾ ಅಂದ ಈ ಪಾಪಿ. ಗಾಜು ಏರಿಸಿದ್ವಿ, ಬಿತ್ತು. ಹೆಣದ ಮುಂದೆ ನಿಂತು ಕುಡುಕ ಅಂದ ಸರ್! ಟೀ ಬಿಟ್ಟು ಬೇರೆ ಕುಡಿದವನಲ್ಲ ನಮ್ಮ ಹುಡುಗ. ಒಂದೇ ತಂಡದಲ್ಲಿ ಸಂಬಂಧಿಕರು ಇರಬಾರದು ಅಂತ ಕಂಪನಿ ನಿಯಮ, ಅದಕ್ಕೇ ಮುಚ್ಚಿಟ್ಟಿದ್ವಿ. ಅವತ್ತು ನಾನು ಬಾಯಿ ಬಡ್ಕೊಂಡಿದ್ರೆ ಹೊರಗೆ ಹಾಕ್ತಿದ್ರು. ನಾನು ಒಳಗೇ ಇರಬೇಕಿತ್ತು."

"ವರ್ಷ ಪೂರ್ತಿ ಕಾದ್ರಾ?"

"ದಿನಾ ಅವನಿಗೆ ನಮಸ್ಕಾರ ಹೇಳಿದೆ. ಹೇಳೋವಾಗೆಲ್ಲ ಯಾವ ಗಾಜು ಅಂತ ಆರಿಸ್ತಿದ್ದೆ. ನಿನ್ನೆ ತೊಟ್ಟಿಲಲ್ಲಿ ನಿಂತು ಕೊಯ್ದೆ, ಕ್ಲಿಪ್ಪು ಹಾಕಿ ನಿಲ್ಲಿಸಿದೆ. ಇವತ್ತು ಒಳಗಿಂದ ಬಿಚ್ಚಿ ತಳ್ಳಿದೆ. ಸ್ವಲ್ಪ ಬೇಗ ತಳ್ಳಬೇಕಿತ್ತು, ಕಾಲಿಗೆ ಬಿತ್ತು."

ಮಹಿಳಾ ಕಾನ್‌ಸ್ಟೆಬಲ್ ಸಮಕ್ಷಮ ಅವಳನ್ನು ಬಂಧಿಸಿ, ಕೊಲೆ ಯತ್ನದ ಕಲಂ ಸೇರಿಸಲಾಯಿತು. ಸಂಜೆ ವೈದ್ಯರು ಅನುಮತಿ ಕೊಟ್ಟಾಗ ಇನ್‌ಸ್ಪೆಕ್ಟರ್ ಗಾಯಾಳುವಿನ ಹೇಳಿಕೆಗೆ ಆಸ್ಪತ್ರೆಗೆ ಹೋದರು. ಮಾಡಿದ್ದು ಹೋದ ವರ್ಷ ಸತ್ತ ಹುಡುಗನ ಅಕ್ಕ ಎಂದು ಹೇಳಿದರು.

"ಯಾವ ಹುಡುಗ?" ಎಂದ ಅವನು. ನಾಟಕವಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿದುಹೋಯಿತು. ಹಾಸಿಗೆ ಹಿಡಿದವನ ಮೇಲೆ ಕೈ ಎತ್ತುವ ಹಾಗಿಲ್ಲ, ಎದ್ದು ಬಂದರು. ಠಾಣೆಗೆ ಬಂದವರೇ ಹಳೆಯ ಪ್ರಕರಣದ ಮರುತನಿಖೆಗೆ ಅನುಮತಿ ಕೋರಿ ಪತ್ರ ಬರೆಸಿದರು.

"ಹೇಳಿದ್ರಾ ಸರ್ ಅವನಿಗೆ?" ಬೆಂಚಿನ ಮೇಲಿದ್ದವಳು ಎದ್ದು ನಿಂತಳು. "ಏನಂದ?"

ಸುಳ್ಳು ಹೇಳೋಣ ಅಂದುಕೊಂಡರು, ಆಗಲಿಲ್ಲ. "ಯಾವ ಹುಡುಗ ಅಂದ."

ಅವಳು ಕುಸಿದು ಕೂತಳು. ವರ್ಷವಿಡೀ ಕಾಪಾಡಿಕೊಂಡ ಸಿಟ್ಟು ಹೋಗಿ ತಲುಪಿದ್ದು ಬರೀ ಅವನ ಕಾಲಿಗೆ. ಹೆಡ್ ಕಾನ್‌ಸ್ಟೆಬಲ್ ಹೇಳಿಕೆ ಮುಗಿಸಬೇಕಿತ್ತು, ತಲೆ ಎತ್ತದೆ ಮೆತ್ತಗೆ ಕೇಳಿದ: "ಮೃತನಿಗೂ ನಿಮಗೂ ಸಂಬಂಧ ಏನಮ್ಮ?"

"ತಮ್ಮ," ಎಂದಳು. ಮತ್ತೆ, ಠಾಣೆಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ: "ನನ್ನ ಒಡಹುಟ್ಟಿದ ತಮ್ಮ. ಬರ್ಕೊಳ್ಳಿ." ಆಮೇಲೆ, ಒಂದು ವರ್ಷ ತಡವಾಗಿ, ಬಾಯಿ ಬಡಿದುಕೊಂಡು ಅತ್ತಳು.